ವಿಶ್ವಭೀತಿಯ ಕಥೆಗಳನ್ನು ಏಕೆ ಓದಬೇಕು?

ಕಾಲೇಜಿನ ಮೊದಲ ವರ್ಷದ ತರಗತಿಯಲ್ಲಿ ನಾನು ಪ್ರತಿ ವರ್ಷವೂ ಕರಿಹಲಗೆಯ ಮೇಲೆ ಒಂದು ಸಂಖ್ಯೆಯನ್ನು ಬರೆಯುವುದುಂಟು: ೯೪೬, ಅದರ ಮುಂದೆ ಹತ್ತು ಸೊನ್ನೆಗಳು. ಬೆಳಕು ಒಂದು ವರ್ಷದಲ್ಲಿ ಕ್ರಮಿಸುವ ದೂರ ಸುಮಾರು ಇಷ್ಟು ಕಿಲೋಮೀಟರು. ಇದಕ್ಕೆ ಒಂದು ಜ್ಯೋತಿರ್ವರ್ಷವೆಂದು ಹೆಸರು. ನಮ್ಮ ಆಕಾಶಗಂಗೆಯ ವ್ಯಾಸ ಸುಮಾರು ಒಂದು ಲಕ್ಷ ಜ್ಯೋತಿರ್ವರ್ಷ. ನೆರೆಯ ಆಂಡ್ರೊಮೀಡ ಗ್ಯಾಲಕ್ಸಿ ಇರುವುದು ಸುಮಾರು ೨೫ ಲಕ್ಷ ಜ್ಯೋತಿರ್ವರ್ಷಗಳಾಚೆ. ಇಷ್ಟನ್ನು ಹೇಳಿ ತಿರುಗಿ ನೋಡಿದರೆ ಎಲ್ಲರೂ ತಲೆ ತಗ್ಗಿಸಿ ಬರೆದುಕೊಳ್ಳುತ್ತಿರುತ್ತಾರೆ. ಒಂದು ಮುಖದಲ್ಲಿಯಾದರೂ ಬೆರಗು ಕಾಣುವುದಿಲ್ಲ. ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಮಾತ್ರ ತಪ್ಪದೆ ಬರುತ್ತದೆ: "ಸರ್, ಇದು ಪರೀಕ್ಷೆಗೆ ಬರುತ್ತದೆಯೇ?"

ಇದು ವಿದ್ಯಾರ್ಥಿಗಳ ತಪ್ಪೆಂದು ನಾನು ಹೇಳಲಾರೆ. ಸೊನ್ನೆಗಳನ್ನು ಎಣಿಸಬಹುದೇ ಹೊರತು ಅನುಭವಿಸಲಾಗುವುದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ರೋಹಿತದ ಪಾಠ ಮುಗಿದು ಇಪ್ಪತ್ತು ನಿಮಿಷ ಉಳಿದಿದ್ದ ಒಂದು ದಿನ, ನಾನು ಹಾಸ್ಟೆಲಿನಲ್ಲಿದ್ದಾಗ ಓದಿದ್ದ ಒಂದು ಹಳೆಯ ಅಮೆರಿಕನ್ ಕಥೆಯನ್ನು ಕನ್ನಡದಲ್ಲಿ ಹೇಳಿದೆ. ಗಂಟೆ ಬಾರಿಸಿತು, ಯಾರೂ ಏಳಲಿಲ್ಲ. ಆಮೇಲೆ ಎರಡು ಪ್ರಶ್ನೆಗಳು ಬಂದುವು. ಹುಡುಗನೊಬ್ಬ ಕೇಳಿದ: "ರೋಹಿತದಲ್ಲಿ ಯಾವ ಧಾತುವಿಗೂ ಹೊಂದದ ರೇಖೆ ಕಂಡರೆ ನಿಜವಾಗಿ ಏನು ಮಾಡುತ್ತಾರೆ, ಸರ್?" ಎಲ್ಲರೂ ಹೊರಟ ಮೇಲೆ ಒಬ್ಬ ಹುಡುಗಿ ಹಿಂದೆ ಉಳಿದು ಕೇಳಿದಳು: "ನಮ್ಮನ್ನು ಯಾರೂ ಗಮನಿಸದಿದ್ದರೆ, ಇಷ್ಟು ದೊಡ್ಡ ವಿಶ್ವದಲ್ಲಿ ನಾವು ಓದಿ ಬರೆದು ಏನು ಪ್ರಯೋಜನ, ಸರ್?" ಮೊದಲನೆಯ ಪ್ರಶ್ನೆಗೆ ನಾನು ಅಲ್ಲಿಯೇ ಉತ್ತರ ಹೇಳಿದೆ. ಎರಡನೆಯದಕ್ಕೆ "ನಾಳೆ ಮಾತಾಡೋಣ" ಎಂದೆ. ಪರೀಕ್ಷೆಗಳು ಬಂದುವು, ಆಕೆ ತೇರ್ಗಡೆಯಾಗಿ ಹೊರಟುಹೋದಳು, ಆ ನಾಳೆ ಬರಲೇ ಇಲ್ಲ. ಅಂದು ಉಳಿಸಿಕೊಂಡ ಸಾಲವನ್ನು ತೀರಿಸಲು ಈ ಲೇಖನವನ್ನು ಬರೆಯುತ್ತಿದ್ದೇನೆ.

ಆ ಕಥೆ ಯಾವ ಬಗೆಯದೆಂದು ಮೊದಲು ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆ ಮತ್ತು ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲಿಷಿನಲ್ಲಿ ಒಂದು ಹೊಸ ಜಾತಿಯ ಭಯಾನಕ ಸಣ್ಣಕಥೆ ಹುಟ್ಟಿಕೊಂಡಿತು. ಇದನ್ನು ನಾವು ವಿಶ್ವಭೀತಿಯ ಕಥೆ ಎನ್ನಬಹುದು. ಇದರಲ್ಲಿ ಹೆದರಿಸುವುದು ಪಾಳುಮನೆಯ ಪ್ರೇತವಲ್ಲ, ವಿಶ್ವದ ವಿಸ್ತಾರ. ಆಂಬ್ರೋಸ್ ಬಿಯರ್ಸ್‌ನು ೧೮೯೩ರಲ್ಲಿ, ಎಂದರೆ ರಾಂಟ್‌ಜನ್ ಎಕ್ಸ್ ಕಿರಣಗಳನ್ನು ಕಾಣುವುದಕ್ಕೆ ಎರಡು ವರ್ಷ ಮೊದಲು, ಮನುಷ್ಯನ ಕಣ್ಣಿಗೆ ಕಾಣದ ಬಣ್ಣವುಳ್ಳ ಒಂದು ಪ್ರಾಣಿಯ ಕಥೆಯನ್ನು ಬರೆದನು. ಆಲ್ಜರ್ನನ್ ಬ್ಲ್ಯಾಕ್‌ವುಡ್‌ನ 'ದಿ ವಿಲೋಸ್' ೧೯೦೭ರಲ್ಲಿ ಬಂದಿತು. ಡ್ಯಾನ್ಯೂಬ್ ನದಿಯ ನಡುಗಡ್ಡೆಯೊಂದರಲ್ಲಿ ತಂಗಿದ ಇಬ್ಬರು ದೋಣಿಯಾತ್ರಿಕರು, ಮನುಷ್ಯರೊಡನೆ ಯಾವ ಸಂಬಂಧವೂ ಇಲ್ಲದ ಶಕ್ತಿಗಳ ಎಡೆಗೆ ಕಾಲಿಟ್ಟೆವೆಂದು ಅರಿಯುವುದು ಅದರ ವಸ್ತು. ಈ ಜಾತಿಯ ಕಥೆಗೆ ಪೂರ್ಣವಾದ ರೂಪವನ್ನು ಕೊಟ್ಟವನು ಹೋವರ್ಡ್ ಫಿಲಿಪ್ಸ್ ಲವ್‌ಕ್ರಾಫ್ಟ್.

ಲವ್‌ಕ್ರಾಫ್ಟನು ೧೮೯೦ರಲ್ಲಿ ಅಮೆರಿಕದ ಪ್ರಾವಿಡೆನ್ಸ್ ನಗರದಲ್ಲಿ ಹುಟ್ಟಿದನು. ಅವನ ಮೊದಲ ಒಲವು ಕಥೆಗಿಂತ ಹೆಚ್ಚಾಗಿ ಖಗೋಳ ವಿಜ್ಞಾನದಲ್ಲಿತ್ತೆಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಸಂಗತಿ. ಹದಿಮೂರನೆಯ ವಯಸ್ಸಿನ ಹೊತ್ತಿಗೇ ಅವನು ಒಂದು ಖಗೋಳ ಪತ್ರಿಕೆಯನ್ನು ಕೈಯಿಂದ ಬರೆದು, ಪ್ರತಿಗಳನ್ನು ತೆಗೆದು ಹಂಚುತ್ತಿದ್ದನು. ಊರಿನ ಬ್ರೌನ್ ವಿಶ್ವವಿದ್ಯಾನಿಲಯದ ಲ್ಯಾಡ್ ವೀಕ್ಷಣಾಲಯದಲ್ಲಿ ದೂರದರ್ಶಕದ ಮೂಲಕ ನೋಡುವ ಅವಕಾಶ ಅವನಿಗಿತ್ತು. ೧೯೦೬ರಿಂದ ಸ್ಥಳೀಯ ವೃತ್ತಪತ್ರಿಕೆಗಳಲ್ಲಿ ಆಕಾಶವೀಕ್ಷಣೆಯ ಅಂಕಣವನ್ನು ಬರೆದನು. ಅದೇ ವರ್ಷ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಗೆ ಕಾಗದ ಬರೆದು, ನೆಪ್ಚೂನಿನಾಚೆ ಇರಬಹುದಾದ ಗ್ರಹಗಳನ್ನು ಹುಡುಕಲು ವೀಕ್ಷಣಾಲಯಗಳು ಒಂದುಗೂಡಬೇಕೆಂದು ಸೂಚಿಸಿದನು. ಖಗೋಳ ವಿಜ್ಞಾನಿಯಾಗಬೇಕೆಂಬ ಅವನ ಆಸೆ ಮಾತ್ರ ನೆರವೇರಲಿಲ್ಲ. ಅನಾರೋಗ್ಯದಿಂದ ಹೈಸ್ಕೂಲು ಮುಗಿಯಲಿಲ್ಲ. ಗಣಿತವೂ ಅವನಿಗೆ ಒಲಿಯಲಿಲ್ಲ. ಅಗ್ಗದ ಕಾಗದದ ಕಥಾಪತ್ರಿಕೆಗಳಿಗೆ ಬರೆಯುತ್ತ, ೧೯೩೭ರಲ್ಲಿ ತನ್ನ ೪೬ನೆಯ ವಯಸ್ಸಿನಲ್ಲಿ ಬಡತನದಲ್ಲಿಯೇ ತೀರಿಕೊಂಡನು.

ನಾನು ತರಗತಿಯಲ್ಲಿ ಹೇಳಿದ ಕಥೆ ಅವನ 'ದಿ ಕಲರ್ ಔಟ್ ಆಫ್ ಸ್ಪೇಸ್'. ಇದು ೧೯೨೭ರ ಸೆಪ್ಟೆಂಬರಿನಲ್ಲಿ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ೧೮೮೨ರಲ್ಲಿ ನೇಹಮ್ ಗಾರ್ಡನರ್ ಎಂಬ ರೈತನ ಬಾವಿಯ ಬಳಿ ಒಂದು ಉಲ್ಕಾಶಿಲೆ ಬೀಳುತ್ತದೆ. ವಿಶ್ವವಿದ್ಯಾನಿಲಯದಿಂದ ಬಂದ ಪ್ರಾಧ್ಯಾಪಕರು ಅದರ ಚೂರನ್ನು ಕೊಂಡೊಯ್ದು ಆಮ್ಲಗಳಲ್ಲಿಯೂ ಕುಲುಮೆಯಲ್ಲಿಯೂ ಪರೀಕ್ಷಿಸುತ್ತಾರೆ. ಅದು ಆರುವುದೇ ಇಲ್ಲ, ದಿನದಿನಕ್ಕೆ ಕುಗ್ಗುತ್ತದೆ. ರೋಹಿತದರ್ಶಕದಲ್ಲಿ ಇಟ್ಟು ನೋಡಿದರೆ, ತಿಳಿದಿರುವ ಯಾವ ಬಣ್ಣಕ್ಕೂ ಸೇರದ ಪಟ್ಟಿಗಳು ಕಾಣುತ್ತವೆ. ಕೊನೆಗೆ ಕಲ್ಲು ಮಾಯವಾಗುತ್ತದೆ, ಆದರೆ ಅದರೊಡನೆ ಬಂದದ್ದು ಮಣ್ಣಿನಲ್ಲಿ ಉಳಿಯುತ್ತದೆ. ಹಣ್ಣುಗಳು ದಪ್ಪವಾಗಿ ಬೆಳೆದು ಕಹಿಯಾಗುತ್ತವೆ. ಗಾಳಿಯಿಲ್ಲದೆ ಮರಗಳು ಅಲುಗಾಡುತ್ತವೆ. ಗಿಡಗಳು ಇರುಳಿನಲ್ಲಿ ಹೊಳೆಯುತ್ತವೆ. ದನಗಳು ಬೂದುಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತವೆ. ಒಂದು ಕುಟುಂಬ ಒಬ್ಬೊಬ್ಬರಾಗಿ ಬುದ್ಧಿಗೆಟ್ಟು ನಾಶವಾಗುತ್ತದೆ. ಒಂದು ರಾತ್ರಿ ಆ ಹೆಸರಿಲ್ಲದ ಬಣ್ಣ ಬಾವಿಯಿಂದ ಎದ್ದು, ಹಂಸ ನಕ್ಷತ್ರಪುಂಜದ ಕಡೆಗೆ ಚಿಮ್ಮಿ, ಡೆನೆಬ್ ನಕ್ಷತ್ರ ಮಿನುಗುವೆಡೆಯಲ್ಲಿ ಆಕಾಶಗಂಗೆಯೊಳಗೆ ಕರಗಿಹೋಗುತ್ತದೆ.

ಕಥೆಯ ನಡುವೆ ಒಂದು ಕಡೆ ಆ ರೈತನು, ಇದು ದೇವರ ಶಿಕ್ಷೆಯಿರಬೇಕು, ಆದರೆ ತಾನು ತಿಳಿದಮಟ್ಟಿಗೆ ಯಾವ ತಪ್ಪನ್ನೂ ಮಾಡಲಿಲ್ಲವಲ್ಲ ಎಂದು ಹಂಬಲಿಸುತ್ತಾನೆ. ಲೇಖಕನು ಅವನಿಗೆ ಉತ್ತರವನ್ನು ಕೊಡುವುದಿಲ್ಲ. ಏಕೆಂದರೆ ಉತ್ತರವಿಲ್ಲ. ಬಂದದ್ದು ಅವನನ್ನು ಹುಡುಕಿಕೊಂಡು ಬರಲಿಲ್ಲ. ಅವನು ಇದ್ದಾನೆಂಬುದೂ ಅದಕ್ಕೆ ತಿಳಿಯದು. ಸಾಮಾನ್ಯವಾದ ದೆವ್ವದ ಕಥೆಗೂ ಈ ಕಥೆಗೂ ಇರುವ ಭೇದ ಇಲ್ಲಿಯೇ ಇದೆ. ನಮ್ಮ ಅಜ್ಜಿಯರು ಹೇಳುತ್ತಿದ್ದ ದೆವ್ವಕ್ಕೆ ಒಂದು ಹಗೆಯಿರುತ್ತದೆ, ತೀರದ ಒಂದು ಆಸೆಯಿರುತ್ತದೆ. ಅದು ಕಾಡುವುದು ತನ್ನನ್ನು ಬಾವಿಗೆ ತಳ್ಳಿದವರನ್ನು, ತನ್ನ ಆಸ್ತಿಯನ್ನು ನುಂಗಿದವರನ್ನು. ಅದಕ್ಕೆ ಶಾಂತಿ ಮಾಡಿಸಬಹುದು, ಬೇಡಿಕೊಳ್ಳಬಹುದು. ದೆವ್ವದ ಕಥೆ ಹೊರಗೆ ಎಷ್ಟು ಭಯಂಕರವಾಗಿದ್ದರೂ ಒಳಗೆ ಧರ್ಮನ್ಯಾಯದ ಕಥೆಯೇ. ವಿಶ್ವಭೀತಿಯ ಕಥೆಯಲ್ಲಿ ಬೇಡಿಕೊಳ್ಳಲು ಎದುರಿಗೆ ಯಾರೂ ಇಲ್ಲ.

ಎಚ್. ಜಿ. ವೆಲ್ಸ್‌ನ 'ದಿ ಸ್ಟಾರ್' ಎಂಬ ೧೮೯೭ರ ಕಥೆ ಇದನ್ನೇ ಇನ್ನೂ ಸಂಕ್ಷೇಪವಾಗಿ ತೋರಿಸುತ್ತದೆ. ಹೊರಗಿನ ಆಕಾಶದಿಂದ ಬಂದ ಕಾಯವೊಂದು ನೆಪ್ಚೂನಿಗೆ ಬಡಿದು, ಎರಡೂ ಒಂದಾಗಿ ಉರಿಯುತ್ತ ಸೂರ್ಯನ ಕಡೆಗೆ ಧಾವಿಸುತ್ತವೆ. ಒಬ್ಬ ಗಣಿತದ ಅಧ್ಯಾಪಕನು ರಾತ್ರಿಗಳನ್ನು ನಿದ್ದೆಯಿಲ್ಲದೆ ಕಳೆದು ಅದರ ಪಥವನ್ನು ಲೆಕ್ಕಹಾಕುತ್ತಾನೆ. ಅದು ಭೂಮಿಗೆ ಬಹು ಸಮೀಪದಲ್ಲಿ ಹಾದುಹೋಗುವುದೆಂದು ತಿಳಿದ ಮೇಲೆ, ಎಂದಿನಂತೆ ಸೀಮೆಸುಣ್ಣವನ್ನು ಕೈಯಲ್ಲಿ ಹಿಡಿದು, ಈ ವರ್ಷದ ಪಾಠಗಳನ್ನು ಮುಗಿಸಲಾಗುವುದಿಲ್ಲವೆಂದು ವಿದ್ಯಾರ್ಥಿಗಳಿಗೆ ತಿಳಿಸುತ್ತಾನೆ. ಅಧ್ಯಾಪಕನಾದ ನನಗೆ ಈ ಭಾಗವನ್ನು ಓದುವಾಗಲೆಲ್ಲ ಮೈ ಝುಮ್ಮೆನ್ನುತ್ತದೆ. ಮುಂದೆ ಭೂಕಂಪಗಳಾಗುತ್ತವೆ, ಸಮುದ್ರಗಳು ಉಕ್ಕುತ್ತವೆ, ನಾಡುಗಳು ಮುಳುಗುತ್ತವೆ; ಕಾಯವು ಹಾದುಹೋಗಿ ಕೆಲವರು ಉಳಿಯುತ್ತಾರೆ. ಕಥೆ ಮುಗಿಯುವುದು ಮಂಗಳಗ್ರಹದಲ್ಲಿ. ಅಲ್ಲಿನ ಖಗೋಳಜ್ಞರು ತಮ್ಮ ದೂರದರ್ಶಕಗಳಲ್ಲಿ ನೋಡಿ, ಭೂಮಿಗೆ ಹೆಚ್ಚೇನೂ ಹಾನಿಯಾದಂತಿಲ್ಲ, ಧ್ರುವಗಳ ಬಿಳುಪು ಮಾತ್ರ ಸ್ವಲ್ಪ ಕುಗ್ಗಿದೆ ಎಂದು ತೀರ್ಮಾನಿಸುತ್ತಾರೆ. ಕೋಟ್ಯಂತರ ಜನರ ಮರಣ ಆ ದೂರದಿಂದ ಕಾಣುವುದಿಲ್ಲ. ಕರಿಹಲಗೆಯ ಹತ್ತು ಸೊನ್ನೆಗಳು ಹೇಳಲಾರದ್ದನ್ನು ವೆಲ್ಸ್‌ನು ಕೆಲವು ಪಂಕ್ತಿಗಳಲ್ಲಿ ಹೇಳಿದ್ದಾನೆ.

ಭಯವು ಸಂತೋಷವನ್ನು ಕೊಡುವುದಾದರೂ ಹೇಗೆ ಎಂಬ ಪ್ರಶ್ನೆ ನಮ್ಮ ಲಾಕ್ಷಣಿಕರಿಗೆ ಹೊಸತಲ್ಲ. ಭರತಮುನಿ ಎಣಿಸಿದ ಎಂಟು ರಸಗಳಲ್ಲಿ ಭಯಾನಕವೂ ಒಂದು, ಅದ್ಭುತವೂ ಒಂದು. ಮೊದಲನೆಯದಕ್ಕೆ ಭಯವು ಸ್ಥಾಯಿಭಾವ, ಎರಡನೆಯದಕ್ಕೆ ವಿಸ್ಮಯ. ಕಾಡಿನಲ್ಲಿ ಹುಲಿಯನ್ನು ಕಂಡವನು ಓಡುತ್ತಾನೆ. ರಂಗದ ಮೇಲೆ ಹುಲಿಯನ್ನು ಕಂಡವನು ಕುಳಿತು ನೋಡುತ್ತಾನೆ. ಅನುಭವವು ಸ್ವಂತದ ಲಾಭನಷ್ಟಗಳಿಂದ ಬಿಡಿಸಿಕೊಂಡು ಸಹೃದಯರೆಲ್ಲರಿಗೂ ಸಾಧಾರಣವಾದಾಗ ಅದು ರಸವಾಗುತ್ತದೆಂಬುದು ಅಭಿನವಗುಪ್ತನೇ ಮೊದಲಾದವರ ಸಮಾಧಾನ. ವಿಶ್ವಭೀತಿಯ ಕಥೆಯ ವೈಶಿಷ್ಟ್ಯವೇನೆಂದರೆ, ಇದರಲ್ಲಿ ಭಯಾನಕವೂ ಅದ್ಭುತವೂ ಒಂದೇ ಪಾತ್ರೆಯಲ್ಲಿ ಬೆರೆತಿರುತ್ತವೆ. ಮೈಯಲ್ಲಿ ಎದ್ದ ರೋಮಾಂಚ ಯಾವುದರದೆಂದು ಓದುಗನು ಹೇಳಲಾರ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನನಿಗೆ ಆದದ್ದೂ ಇದೇ. ವಿಶ್ವರೂಪವನ್ನು ಕಂಡು ಅವನು ಮೊದಲು ಬೆರಗಾದನು, ಆಮೇಲೆ ನಡುಗಿದನು, ಕೊನೆಗೆ ಹಿಂದಿನ ಸೌಮ್ಯರೂಪವನ್ನೇ ತೋರೆಂದು ಬೇಡಿಕೊಂಡನು. ಅವನ ಬೇಡಿಕೆ ಈಡೇರಿತು. ಲವ್‌ಕ್ರಾಫ್ಟನ ಕಥೆಗಳಲ್ಲಿ ವಿಶ್ವರೂಪವುಂಟು. ಅದನ್ನು ಉಪಸಂಹರಿಸಿಕೊಂಡು ಮತ್ತೆ ಸ್ನೇಹಿತನಾಗಿ ಎದುರಿಗೆ ನಿಲ್ಲುವ ಸಾರಥಿಯಿಲ್ಲ.

ಈ ಕಥೆಗಳು ಹುಟ್ಟಿದ ಕಾಲವನ್ನೂ ಗಮನಿಸಬೇಕು. ಆಂಡ್ರೊಮೀಡ ನೀಹಾರಿಕೆ ನಮ್ಮ ಆಕಾಶಗಂಗೆಯ ಒಳಗಿದೆಯೋ ಹೊರಗಿದೆಯೋ ಎಂಬುದು ೧೯೨೦ರಲ್ಲಿ ಇನ್ನೂ ವಾದದ ವಿಷಯವಾಗಿತ್ತು. ೧೯೨೩ರಲ್ಲಿ ಎಡ್ವಿನ್ ಹಬಲ್ ಆ ನೀಹಾರಿಕೆಯಲ್ಲಿ ಕಾಂತಿ ಏರಿಳಿಯುವ ಒಂದು ಸೆಫೀಡ್ ನಕ್ಷತ್ರವನ್ನು ಗುರುತಿಸಿದನು. ಹೆನ್ರಿಯೆಟಾ ಲೆವಿಟ್ ಕಂಡುಹಿಡಿದಿದ್ದ ನಿಯಮದಂತೆ, ಅಂಥ ನಕ್ಷತ್ರದ ಏರಿಳಿತದ ಅವಧಿಯಿಂದ ಅದರ ನಿಜವಾದ ಕಾಂತಿಯನ್ನೂ, ಆ ಮೂಲಕ ಅದರ ದೂರವನ್ನೂ ತಿಳಿಯಬಹುದು. ಹಬಲ್ಲನಿಗೆ ಬಂದ ಉತ್ತರ ಸುಮಾರು ಒಂಬತ್ತು ಲಕ್ಷ ಜ್ಯೋತಿರ್ವರ್ಷ. ಇದು ಇಂದಿನ ಬೆಲೆಗಿಂತ ಬಹಳ ಕಡಮೆ. ಆದರೂ ಆಂಡ್ರೊಮೀಡವನ್ನು ಆಕಾಶಗಂಗೆಯ ಹೊರಗಿರಿಸಲು ಅಷ್ಟು ಸಾಕಾಗಿತ್ತು. ಈ ಫಲಿತಾಂಶವನ್ನು ೧೯೨೫ರ ಜನವರಿ ೧ರಂದು ವಿದ್ವತ್ಸಭೆಯಲ್ಲಿ ಓದಲಾಯಿತು. ಆಕಾಶಗಂಗೆಯೇ ವಿಶ್ವವೆಂದು ತಿಳಿದಿದ್ದವರಿಗೆ ಅದು ಅಸಂಖ್ಯ ದ್ವೀಪಗಳಲ್ಲಿ ಒಂದು ದ್ವೀಪವೆಂದು ತಿಳಿಯಿತು. ಲವ್‌ಕ್ರಾಫ್ಟನು 'ದಿ ಕಾಲ್ ಆಫ್ ಕ್ತುಲ್ಹು' ಕಥೆಯನ್ನು ಬರೆದದ್ದು ಮಾರನೆಯ ವರ್ಷ, ೧೯೨೬ರಲ್ಲಿ. ಅವನ ಭಯಕ್ಕೆ ನೆಲಗಟ್ಟಾಗಿದ್ದುದು ಆ ಕಾಲದ ಅತಿ ಹೊಸದಾದ ಖಗೋಳಜ್ಞಾನ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆಗೆ ಉತ್ತರ ಕೊಡಬೇಕಾಗಿದೆ. ಹಿರಿಯರಾದ ನನ್ನ ಸಹೋದ್ಯೋಗಿಯೊಬ್ಬರು ನನ್ನ ಕಥಾಪ್ರಸಂಗವನ್ನು ಕೇಳಿ ಅಸಮಾಧಾನಗೊಂಡರು. "ನಮ್ಮ ಜನರಿಗೆ ಆಕಾಶದ ಭಯ ಈಗಾಗಲೇ ಸಾಕಷ್ಟಿದೆ. ವಿಜ್ಞಾನದ ಮೇಷ್ಟ್ರಾಗಿ ನೀವು ಇನ್ನೊಂದನ್ನು ಏಕೆ ಸೇರಿಸುತ್ತೀರಿ?" ಎಂದರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ೧೯೮೦ರ ಫೆಬ್ರವರಿ ೧೬ರಂದು ಕರ್ನಾಟಕದ ಮೇಲೆ ಖಗ್ರಾಸ ಸೂರ್ಯಗ್ರಹಣದ ನೆರಳು ಹಾದುಹೋದಾಗ ಜನರು ಬಾಗಿಲು ಕಿಟಕಿಗಳನ್ನು ಮುಚ್ಚಿಕೊಂಡು ಒಳಗೆ ಕುಳಿತಿದ್ದರೆಂದು ಹಿರಿಯರು ಹೇಳುತ್ತಾರೆ. ೨೦೧೯ರ ಡಿಸೆಂಬರ್ ೨೬ರ ಗ್ರಹಣದ ದಿನ ಸೋಸುಗನ್ನಡಕವನ್ನು ಹಿಡಿದು ಮೈದಾನದಲ್ಲಿ ನಿಂತಿದ್ದ ನನಗೂ ನಮ್ಮ ಊರಿನ ಬೀದಿಗಳು ಬಿಕೋ ಎನ್ನುವುದು ಕಾಣುತ್ತಿತ್ತು.

ಆದರೆ ಈ ಎರಡು ಭಯಗಳು ಒಂದೇ ಅಲ್ಲ. ಒಂದು ಇನ್ನೊಂದಕ್ಕೆ ನೇರ ವಿರೋಧ. ನನ್ನ ಸ್ವಂತ ಅನುಭವವನ್ನೇ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ನನಗೆ ಏಳೂವರೆ ವರ್ಷದ ಶನಿಕಾಟ ಹಿಡಿದಿದೆಯೆಂದು ಮನೆಯಲ್ಲಿ ಹೇಳಿದರು. ಶನಿವಾರಗಳಂದು ಅಮ್ಮ ಎಳ್ಳೆಣ್ಣೆಯ ದೀಪ ಹಚ್ಚಿಸುತ್ತಿದ್ದರು. ಲೆಕ್ಕದಲ್ಲಿ ಅಂಕ ಕಡಮೆಯಾದರೂ, ಸೈಕಲ್ಲಿನಿಂದ ಬಿದ್ದರೂ, ಅದು ಶನಿಯ ಕಣ್ಣು ನನ್ನ ಮೇಲೆ ಬಿದ್ದುದರ ಫಲವೆಂದು ನಾನು ನಂಬಿದ್ದೆ. ಮುಂದೆ ಕಾಲೇಜಿನ ಒಂದು ಸಂಜೆ ಸಣ್ಣ ದೂರದರ್ಶಕದಲ್ಲಿ ಶನಿಯನ್ನು ಮೊದಲ ಬಾರಿಗೆ ಕಂಡೆ. ಬಳೆ ತೊಟ್ಟ ಒಂದು ಪುಟ್ಟ ಹಳದಿ ಮುತ್ತು. ಅತಿ ಸಮೀಪಕ್ಕೆ ಬಂದಾಗಲೂ ಅದು ನಮ್ಮಿಂದ ಸುಮಾರು ೧೨೦ ಕೋಟಿ ಕಿಲೋಮೀಟರು ದೂರದಲ್ಲಿರುತ್ತದೆ. ಅದು ನನ್ನನ್ನು ನೋಡುತ್ತಿರಲಿಲ್ಲ, ಎಂದೂ ನೋಡಿರಲಿಲ್ಲ. ಆ ಕ್ಷಣ ಎದೆಯ ಮೇಲಿನ ಭಾರ ಇಳಿದಂತಾಯಿತು. ಅದರ ಹಿಂದೆಯೇ ಒಂದು ಬಗೆಯ ಅನಾಥಭಾವವೂ ಬಂದಿತು. ಕ್ರೂರನಾಗಿದ್ದರೂ ಶನಿ ನನ್ನ ಮೇಲೆ ಗಮನವಿಟ್ಟಿದ್ದವನು. ಈಗ ಅವನೂ ಇಲ್ಲವಾದನು.

ಗ್ರಹಚಾರಕ್ಕೆ ಹೆದರುವವನು ತನಗೆ ತಿಳಿಯದಂತೆಯೇ ತನ್ನನ್ನು ವಿಶ್ವದ ನಡುವೆ ಕೂರಿಸಿಕೊಂಡಿರುತ್ತಾನೆ. ಕೋಟಿ ಕೋಟಿ ಕಿಲೋಮೀಟರುಗಳಾಚೆಯ ಗೋಲಗಳು ತನ್ನ ಮದುವೆ, ತನ್ನ ನೌಕರಿ, ತನ್ನ ಪರೀಕ್ಷೆಗಳಲ್ಲಿ ಆಸಕ್ತವಾಗಿವೆಯೆಂದು ಅವನ ನಂಬಿಕೆ. ವಿಶ್ವಭೀತಿಯ ಕಥೆ ಆ ಪೀಠದಿಂದ ನಮ್ಮನ್ನು ಇಳಿಸುತ್ತದೆ. ನಾನು ದೂರದರ್ಶಕದ ಬಳಿ ಪಟ್ಟ ಬಿಡುಗಡೆ, ಅನಾಥಭಾವ ಎರಡಕ್ಕೂ ಅದು ಮಾತು ಕೊಡುತ್ತದೆ. ಲವ್‌ಕ್ರಾಫ್ಟನು ೧೯೧೪ರಲ್ಲಿ ತನ್ನ ಊರಿನ ವೃತ್ತಪತ್ರಿಕೆಯಲ್ಲಿ ಜ್ಯೋತಿಷಿಯೊಬ್ಬನೊಡನೆ ಲೇಖನಯುದ್ಧವನ್ನೇ ಮಾಡಿದನು. ಹುಸಿಹೆಸರಿನಿಂದ ಹುಚ್ಚುಹುಚ್ಚಾದ ಭವಿಷ್ಯಗಳನ್ನು ಬರೆದು ಅವನನ್ನು ಗೇಲಿಮಾಡಿದನು. ಆಕಾಶವು ನಮ್ಮನ್ನು ಗಮನಿಸುವುದಿಲ್ಲವೆಂದು ಕಥೆಯಲ್ಲಿ ನಡುಗಿದವನೇ, ಅದು ಗಮನಿಸುತ್ತದೆಂದು ಹೇಳಿ ಹಣ ಕೀಳುವವರನ್ನು ಸಹಿಸದೆ ಹೋದನು. ನನ್ನ ಸಹೋದ್ಯೋಗಿಗೆ ನಾನು ಕೊಡುವ ಉತ್ತರ ಇದು: ಮೂಢನಂಬಿಕೆಯ ಭಯವನ್ನು ಬಿಡಿಸಲು ಕೆಲವೊಮ್ಮೆ ನಿಜವಾದ ಭಯವೇ ಮದ್ದು.

ಹಾಗೆಂದು ಈ ಕಥೆಗಳನ್ನು ಕಣ್ಣುಮುಚ್ಚಿ ಒಪ್ಪಬೇಕೆಂದು ನಾನು ಹೇಳುವುದಿಲ್ಲ. ಅವುಗಳಲ್ಲಿ ಎರಡು ದೊಡ್ಡ ದೋಷಗಳಿವೆ.

ಮೊದಲನೆಯದು, ಲವ್‌ಕ್ರಾಫ್ಟನ ಜನಾಂಗದ್ವೇಷ. ಅವನು ನಕ್ಷತ್ರಗಳ ಆಚೆಯಿಂದ ಬಂದವರಿಗೆ ಹೆದರಿದಂತೆಯೇ ಹಡಗಿನಿಂದ ಇಳಿದ ಪರದೇಶದ ಬಡವರಿಗೂ ಹೆದರಿದನು. ಹೆದರಿದ್ದಲ್ಲದೆ ಅವರನ್ನು ಹೇಯವಾಗಿ ಚಿತ್ರಿಸಿದನು. 'ದಿ ಹಾರರ್ ಅಟ್ ರೆಡ್ ಹುಕ್' ಎಂಬ ಕಥೆ ಈ ವಿಷದಿಂದ ತುಂಬಿದೆ. 'ದಿ ಕಾಲ್ ಆಫ್ ಕ್ತುಲ್ಹು' ಕಥೆಗೂ ಅದರ ಸೋಂಕುಂಟು. ನಮ್ಮಂಥ ಕಂದುಬಣ್ಣದ ಓದುಗರನ್ನು ಅವನು ಎಣಿಸಿರಲಿಲ್ಲ. ಎಣಿಸಿದ್ದರೆ ಮೆಚ್ಚುತ್ತಲೂ ಇರಲಿಲ್ಲ. ವಿಶ್ವ ಕಾಲ್ಪನಿಕ ಸಾಹಿತ್ಯ ಪ್ರಶಸ್ತಿಯಾಗಿ ಅವನ ಮುಖಪ್ರತಿಮೆಯನ್ನು ಕೊಡುವ ಪದ್ಧತಿಯನ್ನು ೨೦೧೫ರಲ್ಲಿ ಕೈಬಿಟ್ಟದ್ದು ಈ ಕಾರಣದಿಂದಲೇ. ವಿಚಿತ್ರವೇನೆಂದರೆ, ಈ ದ್ವೇಷವನ್ನು ಖಂಡಿಸಲು ಅವನ ತತ್ತ್ವವೇ ಸಾಕು. ಮಂಗಳಗ್ರಹದಿಂದ ನೋಡುವವನಿಗೆ ಪ್ರಾವಿಡೆನ್ಸಿನ ಕುಲೀನನೂ ಬಂದರಿನ ಕೂಲಿಯೂ ಬೇರೆಬೇರೆಯಾಗಿ ಕಾಣುವರೇ?

ಎರಡನೆಯ ದೋಷ ವಿಜ್ಞಾನದ ವಿದ್ಯಾರ್ಥಿಗಳಿಗೆ ಇನ್ನೂ ಮುಖ್ಯವಾದುದು. ನಮ್ಮ ತಿಳಿವಿನ ಚೂರುಗಳು ಒಂದುಗೂಡದೆ ಇರುವುದೇ ನಮ್ಮ ಪುಣ್ಯ, ಅವು ಒಂದುಗೂಡಿದ ದಿನ ಮನುಷ್ಯನಿಗೆ ಹುಚ್ಚು ಹಿಡಿಯುವುದು ಅಥವಾ ಅವನು ಅಜ್ಞಾನದ ಕತ್ತಲೆಗೆ ಓಡಿಹೋಗುವನು ಎಂಬುದು ಲವ್‌ಕ್ರಾಫ್ಟನ ಕಥೆಗಳ ಸಾರ. ಇದು ಸುಳ್ಳೆಂದು ಚರಿತ್ರೆಯೇ ತೋರಿಸಿದೆ. ಅಂದು ತರಗತಿಯಲ್ಲಿ ಹುಡುಗನು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಇದೇ ಆಗಿತ್ತು. ಗುರುತಿಲ್ಲದ ಬಣ್ಣವೊಂದು ಹೊರಗಿನ ಆಕಾಶದಿಂದ ನಿಜವಾಗಿಯೂ ಒಮ್ಮೆ ಬಂದಿದೆ. ಅದು ಬಂದದ್ದು ನಮ್ಮ ನೆಲಕ್ಕೇ.

೧೮೬೮ರ ಆಗಸ್ಟ್ ೧೮ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ದಕ್ಷಿಣ ಭಾರತವನ್ನು ದಾಟಿತು. ಫ್ರಾನ್ಸಿನ ಜಾನ್ಸೆನ್ ಗುಂಟೂರಿನಲ್ಲಿ ಬೀಡುಬಿಟ್ಟಿದ್ದನು. ಇಂದು ಬಾಗಲಕೋಟೆ ಜಿಲ್ಲೆಯಲ್ಲಿರುವ ನಮ್ಮ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಎಂಬುವನು ರೋಹಿತದರ್ಶಕವನ್ನು ಹಿಡಿದು, ಮೋಡಗಳು ಸರಿದ ಎಡೆಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳನ್ನು ನೋಡಿದನು. ಯುರೇನಸ್ಸನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗನೀತ. ಆ ಜ್ವಾಲೆಗಳ ರೋಹಿತದಲ್ಲಿ ಕೆಲವು ಉಜ್ವಲವಾದ ರೇಖೆಗಳು ಕಂಡುವು. ಅವುಗಳಲ್ಲಿ ಒಂದು ಕಿತ್ತಳೆ-ಹಳದಿ ಬಣ್ಣದ್ದು. ಅದು ಸೋಡಿಯಮ್ಮಿನ ರೇಖೆಯೇ ಇರಬೇಕೆಂದು ಮೊದಲು ಭಾವಿಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಯರ್ ಎಚ್ಚರಿಕೆಯಿಂದ ಅಳೆದು, ಅದರ ಸ್ಥಾನ ಸೋಡಿಯಮ್ಮಿನದಲ್ಲವೆಂದು ಕಂಡನು. ಭೂಮಿಯ ಮೇಲೆ ತಿಳಿದಿದ್ದ ಯಾವ ಧಾತುವಿಗೂ ಅದು ಹೊಂದಲಿಲ್ಲ. ಕಥೆಯ ಪ್ರಾಧ್ಯಾಪಕರು ಎದುರಿಸಿದ ಸನ್ನಿವೇಶ ಅಕ್ಷರಶಃ ಇದೇ ತಾನೆ? ಆದರೆ ಯಾರಿಗೂ ಹುಚ್ಚು ಹಿಡಿಯಲಿ‌ಲ್ಲ. ಅಪರಿಚಿತನಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಮ್ ಎಂದು ನಾಮಕರಣ ಮಾಡಿದರು. ಇಪ್ಪತ್ತೇಳು ವರ್ಷ ಕಾದರು. ೧೮೯೫ರಲ್ಲಿ ವಿಲಿಯಂ ರ್‍ಯಾಮ್ಸೆ ಯುರೇನಿಯಮ್ಮಿನ ಅದುರೊಂದನ್ನು ಆಮ್ಲದಲ್ಲಿ ಕುದಿಸಿದಾಗ ಬಂದ ಅನಿಲದಲ್ಲಿ ಅದೇ ರೇಖೆ ಕಾಣಿಸಿತು. ಇಂದು ಆಸ್ಪತ್ರೆಗಳ ಎಂ.ಆರ್.ಐ. ಯಂತ್ರಗಳ ಕಾಂತಗಳನ್ನು ತಣ್ಣಗಿಡುವುದು ಬಹುಮಟ್ಟಿಗೆ ದ್ರವ ಹೀಲಿಯಮ್. ಜಮಖಂಡಿಯ ಆಕಾಶದಲ್ಲಿ ಕಂಡ ಆ ಬಣ್ಣ ಈಗ ರೋಗಿಗಳ ಸೇವೆಯಲ್ಲಿದೆ.

ಪ್ಲೂಟೋವಿನ ಕಥೆಯೂ ಇಂಥದೇ. ಹದಿಹರೆಯದಲ್ಲಿ ಲವ್‌ಕ್ರಾಫ್ಟನು ಯಾವ ಗ್ರಹವನ್ನು ಹುಡುಕಬೇಕೆಂದು ಕಾಗದ ಬರೆದಿದ್ದನೋ ಅದು ೧೯೩೦ರ ಫೆಬ್ರವರಿ ೧೮ರಂದು ಕ್ಲೈಡ್ ಟಾಂಬೋ ಎಂಬ ೨೪ ವರ್ಷದ ಯುವಕನಿಗೆ ಸಿಕ್ಕಿತು. ಲವ್‌ಕ್ರಾಫ್ಟನು ಕೂಡಲೇ ಅದನ್ನು 'ದಿ ವಿಸ್ಪರರ್ ಇನ್ ಡಾರ್ಕ್‌ನೆಸ್' ಕಥೆಯಲ್ಲಿ ಯುಗ್ಗೋತ್ ಎಂಬ ಕರಾಳಲೋಕವಾಗಿಸಿದನು. ೨೦೧೫ರ ಜುಲೈ ೧೪ರಂದು ನ್ಯೂ ಹೊರೈಜನ್ಸ್ ನೌಕೆ ಒಂಬತ್ತೂವರೆ ವರ್ಷಗಳ ಪ್ರಯಾಣದ ತರುವಾಯ ಅದರ ಪಕ್ಕದಲ್ಲಿ ಹಾದುಹೋಯಿತು. ಟಾಂಬೋವಿನ ಚಿತಾಭಸ್ಮದ ಒಂದಂಶವೂ ಆ ನೌಕೆಯಲ್ಲಿತ್ತು. ಅಲ್ಲಿ ಕಂಡದ್ದು ನೈಟ್ರೋಜನ್ ಹಿಮದ ಬಯಲು, ನೀರ್ಗಲ್ಲಿನ ಪರ್ವತಗಳು, ಮತ್ತು ಕೆಂಗಪ್ಪಾದ ಒಂದು ದೊಡ್ಡ ಪ್ರದೇಶ. ವಿಜ್ಞಾನಿಗಳು ಆ ಕಪ್ಪು ಪ್ರದೇಶವನ್ನು ತಮಾಷೆಗೆ ಕ್ತುಲ್ಹು ಎಂದೇ ಕರೆದರು. ಮುಂದೆ ಅಧಿಕೃತವಾಗಿ ಬೇರೆ ಹೆಸರು ಬಂದಿದೆ. ಭಯದಿಂದ ಹುಟ್ಟಿದ ಹೆಸರು ಅಳೆದು ನೋಡಿದವರ ಬಾಯಲ್ಲಿ ಅಕ್ಕರೆಯ ಹೆಸರಾಯಿತು.

ಲವ್‌ಕ್ರಾಫ್ಟನಿಗೆ ವಿಶ್ವದ ಗಾತ್ರ ತಿಳಿದಿತ್ತು. ಅದನ್ನು ಮುಟ್ಟುವ ಸಾಧನ, ಎಂದರೆ ಗಣಿತ, ಅವನ ಕೈಗೆ ಸಿಗಲಿಲ್ಲ. ಆದ್ದರಿಂದ ಅವನ ಪಾಲಿಗೆ ಭಯವೇ ಕೊನೆಯ ಮಾತಾಯಿತೆಂದು ನನಗೆ ತೋರುತ್ತದೆ. ಕತ್ತಲೆಯ ಕೋಣೆಯಲ್ಲಿ ಕೈಕಟ್ಟಿ ನಿಂತವನಿಗೆ ಭಯ ಬೆಳೆಯುತ್ತದೆ. ಗೋಡೆಯನ್ನು ತಡವುತ್ತ ನಡೆಯುವವನಿಗೆ ಮಾಡಲು ಕೆಲಸವಿರುತ್ತದೆ. ಅದಕ್ಕಾಗಿಯೇ ನನ್ನ ಸಲಹೆ: ಈ ಕಥೆಗಳನ್ನು ಓದಿರಿ, ಮನಸಾರೆ ಹೆದರಿರಿ, ಆಮೇಲೆ ಪುಸ್ತಕವನ್ನು ಮಡಿಸಿಟ್ಟು ಲೆಕ್ಕದ ಹಾಳೆಯನ್ನು ತೆಗೆಯಿರಿ. ಹೆದರದೆ ಸೊನ್ನೆಗಳನ್ನು ಬರೆಯುವವನಿಗೆ ತಾನು ಏನನ್ನು ಬರೆಯುತ್ತಿದ್ದೇನೆಂಬ ಅರಿವಿರುವುದಿಲ್ಲ.

ಇನ್ನು, ಉತ್ತರವಿಲ್ಲದೆ ಹೊರಟುಹೋದ ಆ ವಿದ್ಯಾರ್ಥಿನಿಗೆ ನನ್ನ ಮಾತು. ತಾಯಿ, ಆಕಾಶವು ನಮ್ಮನ್ನು ಗಮನಿಸುವುದಿಲ್ಲವೆಂಬುದು ನನ್ನ ದೃಷ್ಟಿಯಲ್ಲಿ ನಿಜ. ಜಮಖಂಡಿಯಲ್ಲಿ ಅಂದು ಸೂರ್ಯನು ಹರ್ಷೆಲ್‌ನನ್ನು ನೋಡಲಿಲ್ಲ. ಹರ್ಷೆಲ್‌ನೇ ಸೂರ್ಯನನ್ನು ನೋಡಿದನು. ಗಮನಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ. ನಕ್ಷತ್ರಗಳು ಮಾಡಲಾರದ ಆ ಕೆಲಸವನ್ನು ಹದಿನೆಂಟು ವರ್ಷದ ಒಬ್ಬ ಹುಡುಗಿ ಮಾಡಬಲ್ಲಳು. ವೆಲ್ಸ್‌ನ ಕಥೆಯಲ್ಲಿ ಪ್ರಳಯದಿಂದ ಉಳಿದವರ ನಡುವೆ ಹೊಸದೊಂದು ಸೋದರಭಾವ ಬೆಳೆಯುತ್ತದೆ. ಮಂಗಳದವರಿಗೆ ಅದೂ ಕಾಣಲಿಲ್ಲ. ಕಾಣದಿದ್ದರೇನು? ಮೇಲಿನಿಂದ ಯಾರೂ ನಮ್ಮ ಕ್ಷೇಮವನ್ನು ವಿಚಾರಿಸದಿದ್ದರೆ, ಒಬ್ಬರ ಕ್ಷೇಮವನ್ನು ಇನ್ನೊಬ್ಬರು ವಿಚಾರಿಸುವ ಹೊಣೆ ಹೆಚ್ಚುತ್ತದೆಯೇ ಹೊರತು ಕಡಮೆಯಾಗುವುದಿಲ್ಲ. ಇದು ಎಲ್ಲರಿಗೂ ಸಮಾಧಾನವನ್ನು ಕೊಡುವುದೆಂದು ನಾನು ಹೇಳಲಾರೆ. ನನಗೆ ಇಷ್ಟು ಸಾಕಾಗಿದೆ.

ಅಕ್ಟೋಬರ್ ತಿಂಗಳ ನಡುವಿನಲ್ಲಿ, ಮಳೆ ನಿಂತ ಒಂದು ಸಂಜೆ ಏಳೂವರೆಯ ಹೊತ್ತಿಗೆ, ಉತ್ತರದ ಕಡೆಗೆ ಮುಖಮಾಡಿ ತಲೆಯೆತ್ತಿರಿ. ಹಂಸದ ಬಾಲದಲ್ಲಿ ಬೆಳ್ಳಗೆ ಹೊಳೆಯುವ ಡೆನೆಬ್ ಕಾಣುತ್ತದೆ. ಅದರ ಬೆಳಕು ಹೊರಟು ಸಾವಿರ ವರ್ಷಗಳಿಗೂ ಮೇಲಾಯಿತು. ಸ್ವಲ್ಪ ಹೊತ್ತು ಸುಮ್ಮನೆ ನಿಂತು ನೋಡಿರಿ. ಬೆನ್ನಿನಲ್ಲಿ ಸಣ್ಣಗೆ ನಡುಕ ಹುಟ್ಟಿದರೆ ನಾಚಬೇಕಾದ್ದಿಲ್ಲ. ಮರುದಿನ ತರಗತಿಗೆ ಬಂದು ಅದರ ದೂರವನ್ನು ಅಳೆಯುವುದು ಹೇಗೆಂದು ಕೇಳಿರಿ. ಪರೀಕ್ಷೆಗೆ ಬರುವುದೇ ಎಂದು ಕೇಳುವುದನ್ನು ಮಾತ್ರ ಆ ಒಂದು ದಿನ ಮರೆತುಬಿಡಿರಿ.